ಸವೆದ ಅರದಿಂದ ಅಡುಗೆಮನೆ ಚಾಕು: ಮನೆಯಲ್ಲೇ ಕೈಯಾರೆ ಮಾಡಿ

ಮನೆಯಲ್ಲಿ ಕೂತು ಚಾಕು ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಖಂಡಿತ ಮಾಡಬಹುದು. ಒಂದು ಸವೆದ ಅರ (ಅಂಗಡಿಯಲ್ಲಿ 'ಫೈಲ್' ಅಂತ ಕೇಳುತ್ತೇವಲ್ಲ, ಅದೇ), ತುಂಡನ್ನು ಕಚ್ಚಿ ಹಿಡಿಯುವ ಒಂದು ಗಟ್ಟಿ ವೈಸ್, ಒಂದು ಚೀಲ ಕರಟದ ಇದ್ದಿಲು, ಮೂರು ಭಾನುವಾರ. ಇಷ್ಟಿದ್ದರೆ ಮೊದಲ ಚಾಕು ಆಗುತ್ತದೆ. ಸಾವಿರಾರು ರೂಪಾಯಿಯ ಬೆಲ್ಟ್ ಗ್ರೈಂಡರ್ ಈಗಲೇ ಬೇಡ. ಅದನ್ನು ತಂದುಕೊಂಡು ಶುರು ಮಾಡಿದವರು ಮೊದಲ ದಿನವೇ ಕಬ್ಬಿಣ ಜಾಸ್ತಿ ತಿಂದು ಹಾಕಿ ಬೇಜಾರು ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಕೈ ಅರ ನಿಧಾನ, ಆದರೆ ತಪ್ಪು ಕೂಡ ನಿಧಾನವಾಗಿ ಆಗುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಹೊಸಬರೆಲ್ಲ ತಲೆ ಕೆಡಿಸಿಕೊಳ್ಳುವುದು ಆಕಾರದ ಬಗ್ಗೆ. ಆಕಾರ ಹೇಗೋ ಬರುತ್ತದೆ. ಚಾಕು ಚಾಕುವಾಗುವುದು ಹದದಲ್ಲಿ. ಬೆಲ್ಲದ ಪಾಕಕ್ಕೆ, ಉಳುವ ಮಣ್ಣಿಗೆ, ರೊಟ್ಟಿ ಹಿಟ್ಟಿಗೆ ಹೇಳುವ ಅದೇ ಹದ ಉಕ್ಕಿಗೂ ಇದೆ. ಸ್ವಲ್ಪ ಹೆಚ್ಚಾದರೆ ಗಾಜಿನ ಹಾಗೆ ಮುರಿಯುತ್ತದೆ, ಸ್ವಲ್ಪ ಕಡಿಮೆಯಾದರೆ ಎರಡು ಈರುಳ್ಳಿ ಹೆಚ್ಚುವಷ್ಟರಲ್ಲಿ ಬಾಯಿ, ಅಂದರೆ ಹರಿತದ ಅಂಚು, ಮಡಚಿಕೊಳ್ಳುತ್ತದೆ. ಹಾಗಾಗಿ ಈ ಲೇಖನದಲ್ಲಿ ಬೆಂಕಿಯ ಭಾಗವನ್ನು ಬಿಡಿಸಿ ಬರೆದಿದ್ದೇನೆ. ಉಳಿದದ್ದನ್ನು ಕೆಲಸ ಮಾಡುತ್ತಾ ನಿಮ್ಮ ಕೈಯೇ ಕಲಿಯುತ್ತದೆ.

ಅರವೇ ಯಾಕೆ

ಚಾಕುವಿಗೆ ಬೇಕಾದದ್ದು ಇಂಗಾಲ ಸಾಕಷ್ಟಿರುವ ಉಕ್ಕು. ಕಿಟಕಿ ಸರಳು, ಗೇಟಿನ ಪಟ್ಟಿ, ಕಟ್ಟಡದ ಕಂಬಿ ಇವುಗಳಲ್ಲಿ ಇಂಗಾಲ ತೀರಾ ಕಡಿಮೆ. ಎಷ್ಟು ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದರೂ ಗಟ್ಟಿಯಾಗುವುದಿಲ್ಲ. ಲಾರಿಯ ಪ್ಲೇಟ್, ಅಂದರೆ ಲೀಫ್ ಸ್ಪ್ರಿಂಗ್‌ನಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಕತ್ತಿ, ಮಚ್ಚಿಗೆ ಅದು ಬಹಳ ಒಳ್ಳೆಯದು. ನಮ್ಮ ಊರುಗಳ ಕುಲುಮೆಯಲ್ಲಿ ಜಾಸ್ತಿ ಬಡಿಯುವುದೂ ಅದನ್ನೇ. ಆದರೆ ದಪ್ಪ ಜಾಸ್ತಿ, ಸುತ್ತಿಗೆ ಕೆಲಸ ಗೊತ್ತಿಲ್ಲದವರು ಅರದಲ್ಲಿ ಉಜ್ಜಿ ತೆಳ್ಳಗೆ ಮಾಡುವುದು ಕಷ್ಟ. ಒಳ್ಳೆಯ ಅರದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ. ಎಂಟು ಇಂಚಿನ ಚಪ್ಪಟೆ ಅರ ಸುಮಾರು 20 ಮಿ.ಮೀ. ಅಗಲ, 4 ಮಿ.ಮೀ. ದಪ್ಪ ಇರುತ್ತದೆ. ಹಿಂದೆ ಹಿಡಿಗೆ ತೂರಿಸುವ ಬಾಲವೂ ತಯಾರಾಗಿಯೇ ಬಂದಿರುತ್ತದೆ. ಅರ್ಧ ಚಾಕು ಆಗಲೇ ಆದಂತೆ!

ಗುಜರಿ ಅಂಗಡಿ, ಬಡಗಿಗಳು, ಗರಗಸದ ಹಲ್ಲು ಹರಿತ ಮಾಡುವವರು, ಲೇತ್ ಅಂಗಡಿ, ಇಲ್ಲೆಲ್ಲ ಸವೆದ ಅರ ಸಿಗುತ್ತದೆ. ತೀರಾ ಅಗ್ಗದ ಕೆಲವು ಅರಗಳ ಮೈ ಮಾತ್ರ ಗಟ್ಟಿ, ಒಳಗೆ ಮೆತ್ತನೆಯ ಕಬ್ಬಿಣ. ಅದನ್ನು ಮೊದಲೇ ಪರೀಕ್ಷಿಸಿ. ಅರದ ತುದಿಯ ಒಂದು ಇಂಚನ್ನು ವೈಸ್‌ನಲ್ಲಿ ಕಚ್ಚಿಸಿ, ಮೇಲೆ ದಪ್ಪ ಗೋಣಿ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಲ್ಲಿ ಒಂದೇಟು ಕೊಡಿ. ಪಟ್ ಅಂತ ಮುರಿದು ಒಳಗೆಲ್ಲ ಒಂದೇ ಸಮನೆ ಬೂದು ಬಣ್ಣದ ನಯವಾದ ಕಾಳು ಕಂಡರೆ ಒಳ್ಳೆಯ ಉಕ್ಕು. ಬಾಗಿದರೆ ವಾಪಸ್ ಗುಜರಿಗೆ.

ಸ್ಟೇನ್‌ಲೆಸ್ ಸ್ಟೀಲ್ ಬೇಡ. ಅದಕ್ಕೆ ಬೇಕಾದ ಶಾಖ, ಆ ಶಾಖವನ್ನು ಹಿಡಿದಿಡುವ ಲೆಕ್ಕ ಇದ್ದಿಲ ಒಲೆಯಲ್ಲಿ ಆಗುವುದಿಲ್ಲ.

ಏನು ಮಾಡುತ್ತೀರಿ ಅನ್ನುವುದನ್ನು ಮೊದಲು ಕಾಗದದಲ್ಲಿ ಬರೆಯಿರಿ

ಮೊದಲ ಚಾಕು ಚಿಕ್ಕದಿರಲಿ. ಅಲಗು ನಾಲ್ಕು ಇಂಚು, ತರಕಾರಿ ಹೆಚ್ಚುವುದಕ್ಕೆ. ರಟ್ಟಿನಲ್ಲಿ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ, ಮಣೆಯ ಮೇಲೆ ಇಟ್ಟು ಹೆಚ್ಚಿದ ಹಾಗೆ ಮಾಡಿ ನೋಡಿ. ಬೆರಳಿನ ಗೆಣ್ಣು ಮಣೆಗೆ ತಾಗುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ.

ಕಾನೂನಿನ ಮಾತೂ ಒಂದಿದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು-ಕತ್ತಿಗಳನ್ನು ಶಸ್ತ್ರಾಸ್ತ್ರಗಳ 2016ರ ನಿಯಮಗಳು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಮನೆಬಳಕೆ, ಕೃಷಿ, ಕೈಗಾರಿಕೆಗೆ ಅಂತ ಮಾಡಿದವನ್ನು ಮಾತ್ರ ಹೊರಗಿಟ್ಟಿವೆ. ಖಡ್ಗ, ಕಠಾರಿಯ ಆಸೆ ಬಿಡಿ. ಅಡುಗೆಮನೆಗೆ, ತೋಟಕ್ಕೆ ಮಾಡುವುದರಲ್ಲೇ ಜೀವನಪೂರ್ತಿ ಕಲಿಯುವಷ್ಟಿದೆ.

ಒಲೆ

ಒಲೆಗೆ ಎಂಟು ಹತ್ತು ಇಟ್ಟಿಗೆ ಸಾಕು, ಬೆಂಕಿ ಇಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಉದ್ದಕ್ಕೆ ಎರಡು ಸಾಲು ಜೋಡಿಸಿ, ನಡುವೆ ಒಂದು ಗೇಣಿನಷ್ಟು ಜಾಗ ಬಿಡಿ. ಒಳಗೆ ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೆತ್ತಿ ನಾಲ್ಕೈದು ದಿನ ಪೂರ್ತಿ ಒಣಗಲು ಬಿಡಿ. ಹಸಿ ಮಣ್ಣಿಗೆ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಚಕ್ಕೆ ಸಿಡಿಯುತ್ತದೆ. ತಳದಲ್ಲಿ ಒಂದು ಕಬ್ಬಿಣದ ಪೈಪು ಇಟ್ಟು, ಒಲೆಯೊಳಗಿನ ಭಾಗಕ್ಕೆ ಎರಡೆರಡು ಇಂಚಿಗೆ ಒಂದು ತೂತು ಕೊರೆದು, ಹೊರಗಿನ ತುದಿಗೆ ಹಳೆಯ ಹೇರ್ ಡ್ರೈಯರ್ ಸೇರಿಸಿದರೆ ಅದೇ ನಿಮ್ಮ ತಿದಿ. ಪೈಪು ಒಲೆಯಿಂದ ಮೂರಡಿ ಆಚೆಗೆ ಚಾಚಿರಲಿ, ಇಲ್ಲದಿದ್ದರೆ ಡ್ರೈಯರ್ ಕರಗುತ್ತದೆ. ಜಿಐ ಪೈಪ್ ಮಾತ್ರ ಬಳಸಬೇಡಿ. ಅದರ ಮೇಲಿನ ಸತುವಿನ ಲೇಪ ಕಾದಾಗ ಬರುವ ಹೊಗೆ ವಿಷ, ಜ್ವರ ಹಿಡಿಸುತ್ತದೆ.

ಕರಟದ ಇದ್ದಿಲು ಹೊಗೆಯಿಲ್ಲದೆ ಉರಿಯುತ್ತದೆ, ಶಾಖವೂ ಜೋರು. ಹಿತ್ತಲಲ್ಲಿ ಅಥವಾ ತಾರಸಿಯ ಬಯಲಲ್ಲಿ ಮಾಡಿ. ಮನೆಯೊಳಗೆ, ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಬೇಡವೇ ಬೇಡ. ಹೊಗೆ ಕಾಣದಿದ್ದರೂ ಇದ್ದಿಲಿನಿಂದ ಬರುವ ವಿಷದ ಗಾಳಿ (ಕಾರ್ಬನ್ ಮಾನಾಕ್ಸೈಡ್) ಪ್ರಾಣ ತೆಗೆಯುತ್ತದೆ.

ಅರವನ್ನು ಮೆತ್ತಗೆ ಮಾಡಿ

ಅರ ಇದ್ದ ಹಾಗೇ ಇದ್ದರೆ ಇನ್ನೊಂದು ಅರ ಅದನ್ನು ತಿನ್ನುವುದಿಲ್ಲ, ಎರಡೂ ಅಷ್ಟೇ ಗಟ್ಟಿ. ಅದಕ್ಕೆ ಮೊದಲು ಪೂರ್ತಿ ಕೆಂಪಾಗುವವರೆಗೆ ಕಾಯಿಸಿ. ಆಮೇಲೆ ಒಣಗಿದ ಬೂದಿ ತುಂಬಿದ ತಗಡಿನ ಡಬ್ಬಿಯಲ್ಲಿ ಹುಗಿದುಬಿಡಿ. ಬೂದಿಯನ್ನೂ ಮೊದಲೇ ಬಿಸಿ ಮಾಡಿದ್ದರೆ ಒಳ್ಳೆಯದು. ಎಷ್ಟು ನಿಧಾನ ಆರುತ್ತದೋ ಅಷ್ಟು ಮೆತ್ತಗಾಗುತ್ತದೆ. ರಾತ್ರಿ ಹುಗಿದರೆ ಬೆಳಿಗ್ಗೆ ತೆಗೆಯಿರಿ. ಹೊಸ ಅರದಿಂದ ಒಂದು ಸಲ ಎಳೆದು ನೋಡಿ. ಜಾರದೆ ಕಚ್ಚಿ, ಬೆಳ್ಳಗೆ ಗೆರೆ ಬಿದ್ದರೆ ಸರಿಯಾಗಿದೆ ಅಂತ ಅರ್ಥ.

ಉಜ್ಜುವ ಕೆಲಸ

ರಟ್ಟಿನ ಅಚ್ಚು ಇಟ್ಟು ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯುವ ಗರಗಸದಿಂದ ಒರಟಾಗಿ ಕತ್ತರಿಸಿ, ಉಳಿದದ್ದನ್ನು ಒರಟು ಅರದಿಂದ ಗೆರೆಯವರೆಗೆ ತನ್ನಿ. ಮುಂದಕ್ಕೆ ತಳ್ಳುವಾಗ ಒತ್ತಿ, ಹಿಂದಕ್ಕೆ ತರುವಾಗ ಎತ್ತಿ. ಹಿಂದೆ ಮುಂದೆ ಗರಗಸದ ಹಾಗೆ ಉಜ್ಜಿದರೆ ಅರದ ಹಲ್ಲು ಹೋಗುತ್ತದೆ, ಕೆಲಸವೂ ಸಾಗುವುದಿಲ್ಲ. ಅರಕ್ಕೆ ಆಗಾಗ ಸೀಮೆಸುಣ್ಣ ಬಳಿಯಿರಿ, ಪುಡಿ ಹಲ್ಲಿನ ಸಂದಿಗೆ ಕಚ್ಚಿಕೊಳ್ಳುವುದಿಲ್ಲ.

ಅಲಗು ಮುಗಿದು ಬಾಲ ಶುರುವಾಗುವ ಕಡೆ ಚೂಪಾದ ಮೂಲೆ ಬಿಡಬೇಡಿ. ಉರುಟು ಅರದಿಂದ ಸಣ್ಣ ಕಮಾನಿನ ಹಾಗೆ ಮಾಡಿ. ಬಿರುಕು ಹುಟ್ಟುವುದು ಅಂಥ ಮೂಲೆಯಲ್ಲೇ. ಹಾಗೇ ಹಳೆಯ ಅರದ ಹಲ್ಲಿನ ಗೆರೆಗಳನ್ನು ಅಲಗಿನ ಮೇಲಿಂದ ಪೂರ್ತಿ ತೆಗೆಯಬೇಕು. ನೋಡಲು ಚಂದ ಅಂತ ಕೆಲವರು ಬಿಡುತ್ತಾರೆ. ಬಾಯಿಯ ಹತ್ತಿರ ಉಳಿದ ಒಂದೊಂದು ಗೆರೆಯೂ ಎಣ್ಣೆಗೆ ಅದ್ದುವಾಗ ಸೀಳು ಬಿಡುವ ಜಾಗ.

ಈಗ ಇಳಿಜಾರು, ಅಂದರೆ ಬೆನ್ನಿನಿಂದ ಬಾಯಿಯ ಕಡೆಗೆ ತೆಳ್ಳಗಾಗುತ್ತಾ ಬರುವ ಭಾಗ. ಮೊದಲು ಬಾಯಿಯ ಅಂಚಿನಲ್ಲಿ ನಡುಗೆರೆ ಬೇಕು. ಅಲಗಿನಷ್ಟೇ ದಪ್ಪದ ಒಂದು ಡ್ರಿಲ್ ಬಿಟ್ ತೆಗೆದುಕೊಳ್ಳಿ. ಅಲಗು, ಬಿಟ್ ಎರಡನ್ನೂ ಸಮತಟ್ಟಾದ ಕಲ್ಲಿನ ಮೇಲೆ ಇಡಿ. ಬಿಟ್ಟಿನ ಮೊನೆ ಸರಿಯಾಗಿ ಅಲಗಿನ ನಡುಮಧ್ಯಕ್ಕೆ ಬರುತ್ತದೆ. ಅಂಚಿಗೆ ಮಾರ್ಕರ್ ಬಳಿದು, ಆ ಮೊನೆಯಿಂದ ಗೀರಿಕೊಂಡು ಹೋದರೆ ನಡುಗೆರೆ ಸಿದ್ಧ. ಅಲಗನ್ನು ಒಂದು ಹಲಗೆಗೆ ಸಿ-ಕ್ಲಾಂಪ್ ಹಾಕಿ ಬಿಗಿದು, ಹತ್ತು ತಳ್ಳು ಈ ಕಡೆ, ಹತ್ತು ತಳ್ಳು ಆ ಕಡೆ ಅಂತ ತಿರುಗಿಸುತ್ತಾ ಹೋಗಿ. ಒಂದೇ ಕಡೆ ಮುಗಿಸಿ ಆಮೇಲೆ ಇನ್ನೊಂದು ಕಡೆ ಅಂದುಕೊಂಡರೆ ಬಾಯಿ ವಾಲುತ್ತದೆ. ಬೆನ್ನಿನಲ್ಲಿ ಸುಮಾರು 3 ಮಿ.ಮೀ. ಉಳಿಯಲಿ, ಬಾಯಿಯಲ್ಲಿ ಒಂದು ಎಟಿಎಂ ಕಾರ್ಡಿನಷ್ಟು ದಪ್ಪ. ಈಗಲೇ ಹರಿತ ಮಾಡಬಾರದು. ತೀರಾ ತೆಳುವಾದ ಬಾಯಿ ಬೆಂಕಿಯಲ್ಲಿ ಸುಟ್ಟುಹೋಗುತ್ತದೆ, ಇಲ್ಲವೇ ಎಣ್ಣೆಯಲ್ಲಿ ಸೊಟ್ಟಗಾಗುತ್ತದೆ. ಕೊನೆಗೆ 120, 220, 320 ನಂಬರಿನ ಎಮೆರಿ ಕಾಗದದಲ್ಲಿ ಅಡ್ಡಗೆರೆ ಹೋಗುವವರೆಗೆ ಉಜ್ಜಿ. ಇಷ್ಟಕ್ಕೆ ನನಗೆ ಈಗಲೂ ನಾಲ್ಕೈದು ಗಂಟೆ ಬೇಕು.

ಹಿಡಿಯ ತೂತನ್ನೂ ಈ ಹಂತದಲ್ಲೇ ಸುಟ್ಟುಕೊಳ್ಳಿ. ನಮ್ಮ ಕುಡುಗೋಲು, ಕತ್ತಿಗಳಿಗೆ ಹಿಡಿ ಕೂರಿಸುವ ಹಳೆಯ ಕ್ರಮವೇ ಇದು. ಮರಕ್ಕೆ ಮೊದಲು ಸಣ್ಣ ತೂತು ಕೊರೆದು, ಬಾಲವನ್ನು ಕೆಂಪಗೆ ಕಾಯಿಸಿ ನಿಧಾನಕ್ಕೆ ಒತ್ತುವುದು. ಐದು ಸೆಕೆಂಡ್ ಒತ್ತಿ, ತೆಗೆದು, ಮತ್ತೆ ಕಾಯಿಸಿ ಒತ್ತಿ. ನಾಲ್ಕೈದು ಸಲಕ್ಕೆ ಬಾಲದ ಆಕಾರಕ್ಕೇ ತೂತು ಕೂರುತ್ತದೆ. ಹದ ಹಾಕಿದ ಮೇಲೆ ಈ ಕೆಲಸ ಮಾಡಿದರೆ ಶಾಖ ಅಲಗಿಗೆ ಹರಿದು ಹದ ಕೆಡುತ್ತದೆ. ಅದಕ್ಕೇ ಈಗಲೇ ಮುಗಿಸಿಕೊಳ್ಳಿ ಅಂದದ್ದು.

ಹದ

ಸಂಜೆ ಕತ್ತಲಾಗುವ ಹೊತ್ತಿಗೆ ಒಲೆ ಹಚ್ಚಿ. ನಮ್ಮೂರಿನ ಕುಲುಮೆಯ ಆಚಾರ್ರು ಮೊದಲ ದಿನವೇ ಹೇಳಿದ್ದರು: "ಬಿಸಿಲಲ್ಲಿ ಕೆಂಪು ಮೋಸ ಮಾಡ್ತದೆ ಮಾರಾಯ್ರೆ, ಕತ್ತಲಲ್ಲಿ ನೋಡಿ." ಹಗಲು ಬೆಳಕಿನಲ್ಲಿ ಕೆಂಪು ಕಾಣಿಸುವಷ್ಟರಲ್ಲಿ ಉಕ್ಕು ಬೇಕಾದ್ದಕ್ಕಿಂತ ಜಾಸ್ತಿ ಕಾದಿರುತ್ತದೆ.

ಎಷ್ಟು ಕಾಯಬೇಕು ಅನ್ನುವುದಕ್ಕೆ ಅಯಸ್ಕಾಂತವೇ ಥರ್ಮಾಮೀಟರ್. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಒಂದು ಕಂಬಿಗೆ ಕಟ್ಟಿ ಒಲೆಯ ಪಕ್ಕ ಇಟ್ಟುಕೊಳ್ಳಿ. ಅಲಗು ಕೆಂಪಾಗುತ್ತಾ ಬಂದ ಹಾಗೆ ತಾಗಿಸಿ ನೋಡುತ್ತಿರಿ. ಬಾಯಿ, ಬೆನ್ನು, ಮೊನೆ ಎಲ್ಲ ಕಡೆ ಅಂಟುವುದು ನಿಂತ ಮೇಲೆ ಸ್ವಲ್ಪವೇ ಸ್ವಲ್ಪ ಹೆಚ್ಚು, ಅಂದರೆ 800ರ ಆಸುಪಾಸು ಬೇಕು. ಹಣ್ಣಾದ ಟೊಮೆಟೊ ಬಣ್ಣದಿಂದ ಕಿತ್ತಳೆಗೆ ತಿರುಗಲು ಇನ್ನೂ ಇದೆ ಅನ್ನುವ ಹಂತ. ಮೊನೆ ತೆಳ್ಳಗಿರುವುದರಿಂದ ಬೇಗ ಕಾಯುತ್ತದೆ. ಅದನ್ನು ಇದ್ದಿಲ ನಡುವಿನಿಂದ ಆಚೆಗಿಟ್ಟು, ಅಲಗನ್ನು ಹಿಂದೆ ಮುಂದೆ ಆಡಿಸುತ್ತಿರಿ. ಗಾಳಿ ಕಡಿಮೆ ಇರಲಿ. ಆತುರ ಬೇಡ.

ಎಣ್ಣೆಗೆ ಅದ್ದುವ ಮೊದಲು ಇದೇ ಶಾಖಕ್ಕೆ ಮೂರು ಸಲ ಕಾಯಿಸಿ, ಮೂರು ಸಲವೂ ಸುಮ್ನೆ ಗಾಳಿಯಲ್ಲಿ ಆರಲು ಬಿಡಿ. ಉಜ್ಜುವಾಗ, ಬಾಗಿಸುವಾಗ ಒಳಗೆ ಕೂತಿದ್ದ ಬಿಗಿತ ಇದರಿಂದ ಬಿಡುತ್ತದೆ, ಉಕ್ಕಿನ ಕಾಳು ಸಣ್ಣದಾಗುತ್ತದೆ. ಬೇಸರ ಹಿಡಿಸುವ ಕೆಲಸ ನಿಜ, ಆದರೆ ಬಿಡಬೇಡಿ.

ಎಣ್ಣೆ ಯಾವುದು? ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ, ಎರಡು ಲೀಟರ್, ಎತ್ತರದ ಲೋಹದ ಪಾತ್ರೆಯಲ್ಲಿ. ಗ್ಯಾರೇಜಿನ ಕಪ್ಪು ಇಂಜಿನ್ ಎಣ್ಣೆ ಪುಕ್ಕಟೆ ಸಿಗುತ್ತದೆ, ಆದರೆ ಅದರ ಹೊಗೆ ಕೆಟ್ಟದ್ದು, ಅಡುಗೆಮನೆ ಚಾಕುವಿಗಂತೂ ಬೇಡ. ಒಂದು ಕಾದ ಕಬ್ಬಿಣದ ತುಂಡು ಮುಳುಗಿಸಿ ಎಣ್ಣೆಯನ್ನು 50–60 ಡಿಗ್ರಿಗೆ ತನ್ನಿ. ತಣ್ಣನೆಯ ಎಣ್ಣೆ ಮಂದ, ಬಿಸಿಯನ್ನು ನಿಧಾನಕ್ಕೆ ಎಳೆಯುತ್ತದೆ. ಪಾತ್ರೆಗೆ ಸರಿಹೊಂದುವ ಲೋಹದ ಮುಚ್ಚಳ, ಒಂದು ಬಕೆಟ್ ಮರಳು ಕೈಗೆಟುಕುವ ಹಾಗೆ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಬೇಕು, ನೀರು ಹಾಕಲೇಬಾರದು. ಮಕ್ಕಳು, ನಾಯಿ ಒಳಗಿರಲಿ. ಹತ್ತಿ ಬಟ್ಟೆ, ಬೂಟು, ಕನ್ನಡಕ ಹಾಕಿಕೊಳ್ಳಿ.

ಬಣ್ಣ ಬಂತು, ಅಯಸ್ಕಾಂತ ಬಿಟ್ಟಿತು. ಇಕ್ಕಳದಲ್ಲಿ ಹಿಡಿದು ತಡ ಮಾಡದೆ ಮೊನೆ ಕೆಳಗೆ ಮಾಡಿ ನೆಟ್ಟಗೆ ಇಳಿಸಿ. ಸೊಪ್ಪು ಹೆಚ್ಚುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡಿಸಿ, ಅಡ್ಡಡ್ಡ ಅಲ್ಲಾಡಿಸಬೇಡಿ, ಅಡ್ಡ ಆಡಿಸಿದರೆ ಅಲಗು ಬಾಗುತ್ತದೆ. ಹತ್ತು ಹನ್ನೆರಡು ಸೆಕೆಂಡ್ ಬುಳುಬುಳು ಸದ್ದು, ಹೊಗೆ, ಆಮೇಲೆ ಎಲ್ಲ ಶಾಂತ. ಹೊರಗೆ ತೆಗೆದು ಹೊಸ ಅರದಿಂದ ಬಾಯಿಯ ಮೇಲೆ ಮೆಲ್ಲಗೆ ಎಳೆಯಿರಿ. ಗಾಜಿನ ಮೇಲೆ ಎಳೆದ ಹಾಗೆ ಜಾರಿತಾ? ಗಟ್ಟಿಯಾಗಿದೆ. ಕಚ್ಚಿತಾ? ಶಾಖ ಸಾಲದು, ಮತ್ತೆ ಕಾಯಿಸಿ.

ನನ್ನ ಎರಡನೇ ಚಾಕುವನ್ನು ನಾನು ನೀರಿಗೆ ಅದ್ದಿದ್ದೆ. ಊರಲ್ಲಿ ಕತ್ತಿಗೆ ನೀರಲ್ಲೇ ಹದ ಹಾಕುವುದನ್ನು ನೋಡಿದ್ದೆನಲ್ಲ, ಅದೇ ಧೈರ್ಯ. ಇಳಿಸಿದ ಎರಡನೇ ಕ್ಷಣಕ್ಕೆ ಟಿಣ್ ಅಂತ ಸಣ್ಣ ಸದ್ದು. ಒರೆಸಿ ನೋಡಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಸೀಳು. ಎರಡು ಭಾನುವಾರದ ಕೆಲಸ ಹೋಯಿತು. ಲಾರಿ ಪ್ಲೇಟಿನ ದಪ್ಪ ಕತ್ತಿಯಲ್ಲಿ ಇಂಗಾಲ ಕಡಿಮೆ, ಹಳೆಯ ಕೈಗೆ ಅದು ಎಷ್ಟು ಹೊತ್ತು ಮುಳುಗಬೇಕು ಅಂತ ಗೊತ್ತು. ತೆಳುವಾದ, ಇಂಗಾಲ ಜಾಸ್ತಿ ಇರುವ ಅರದ ಉಕ್ಕು ನೀರಿನ ಆ ಹೊಡೆತ ತಡೆಯುವುದಿಲ್ಲ.

ಇನ್ನೊಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಇಂಗಾಲದ ಈ ಆಟ ನಮ್ಮ ನೆಲಕ್ಕೆ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಮರದ ಜೊತೆ ಇಟ್ಟು ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಯುರೋಪಿನವರು 'ವೂಟ್ಸ್' ಅಂತ ಕರೆದ ಉಕ್ಕಿನ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂತು ಅಂತ ತುಂಬಾ ವಿದ್ವಾಂಸರು ಹೇಳುತ್ತಾರೆ. ಒಲೆಯ ಮುಂದೆ ಕೂತಾಗ ನನಗೆ ಇದು ನೆನಪಾಗುತ್ತದೆ, ಸಂತೋಷವೂ ಆಗುತ್ತದೆ.

ಗಟ್ಟಿತನ ಇಳಿಸುವುದು

ಈಗ ಕೈಯಲ್ಲಿರುವುದು ಗಾಜು. ಕೆಳಗೆ ಬಿದ್ದರೆ ಎರಡು ತುಂಡು. ಅದೇ ರಾತ್ರಿ ಮುಂದಿನ ಕೆಲಸ ಮಾಡಿ, ನಾಳೆಗೆ ಇಡಬೇಡಿ. ಪಾತ್ರೆ ತೊಳೆಯುವ ಸೋಪಿನಲ್ಲಿ ಎಣ್ಣೆ ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಮನೆಯೆಲ್ಲ ಹೊಗೆ. ಅಲಗಿನ ಒಂದು ಭಾಗವನ್ನು ಎಮೆರಿಯಲ್ಲಿ ಬೆಳ್ಳಗೆ ಹೊಳೆಯುವ ಹಾಗೆ ಉಜ್ಜಿ. ಕೇಕ್ ಮಾಡುವ ಓಟಿಜಿ ಓವನ್ ಅನ್ನು 200 ಡಿಗ್ರಿಗೆ ಇಟ್ಟು, ಕಾದ ಮೇಲೆ ಅಲಗನ್ನು ಒಳಗಿಡಿ. ಎರಡು ಗಂಟೆ. ತೆಗೆದು ಆರಲು ಬಿಟ್ಟು, ಮತ್ತೆ ಎರಡು ಗಂಟೆ.

ಓವನ್ನಿನ ಗುಂಡಿ ಹೇಳುವ ಶಾಖವನ್ನು ಪೂರ್ತಿ ನಂಬಬೇಡಿ, ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇರುತ್ತದೆ. ಉಜ್ಜಿದ ಜಾಗವನ್ನು ನೋಡಿ. ಬೆಳ್ಳಿ ಬಣ್ಣದ ಮೇಲೆ ಮೊದಲು ಮಂಜು ಕವಿದ ಹಾಗೆ ತೆಳು ಹಳದಿ, ಆಮೇಲೆ ಒಣಹುಲ್ಲಿನ ಬಣ್ಣ. ಅದೇ ನಮಗೆ ಬೇಕಾದದ್ದು. ಕಂದು ಬಂದರೆ ಸ್ವಲ್ಪ ಮೆತ್ತಗಾಯಿತು, ಆದರೂ ಬಳಸಬಹುದು. ನೀಲಿ ಬಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ. ಸ್ಪ್ರಿಂಗ್‌ಗೆ ಆಗುತ್ತದೆ, ಚಾಕುವಿನ ಬಾಯಿಗೆ ಆಗುವುದಿಲ್ಲ. ಹಾಗಾದರೆ ಮತ್ತೆ ಒಲೆಯಿಂದಲೇ ಶುರು ಮಾಡಬೇಕು.

ಇಲ್ಲಿಂದ ಮುಂದೆ ಮೆಷಿನ್ನಿನಲ್ಲಿ ಏನೇ ಉಜ್ಜಿದರೂ ಅಲಗು ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಿರಬೇಕು. ಪ್ರತಿ ಸಲ ನೀರಲ್ಲಿ ಅದ್ದಿ.

ಹಿಡಿ, ಸಾಣೆ

ಹಿಡಿಗೆ ಸೀಬೆ ಮರ ನನಗೆ ಬಹಳ ಇಷ್ಟ. ಗಟ್ಟಿ, ನಯ, ಬೇಗ ಸೀಳುವುದಿಲ್ಲ. ಹುಣಸೆಯೂ ಒಳ್ಳೆಯದು, ಅರಕ್ಕೆ ಕೆಲಸ ಜಾಸ್ತಿ ಕೊಡುತ್ತದೆ ಅಷ್ಟೇ. ಬಡಗಿಗಳ ಹತ್ತಿರ ತೇಗ, ಹಲಸಿನ ತುಂಡು ಸಿಗುತ್ತದೆ. ಯಾವುದಾದರೂ ಚೆನ್ನಾಗಿ ಒಣಗಿರಬೇಕು. ಅಲಗಿನ ಕಡೆಯ ತುದಿಗೆ ಒಂದು ಬಳೆ ಬೇಕು. ಎಸಿ ರಿಪೇರಿಯವರ ಹತ್ತಿರ ತಾಮ್ರದ ಪೈಪಿನ ಒಂದಿಂಚು ತುಂಡು ಕೇಳಿದರೆ ಕೊಡುತ್ತಾರೆ. ಮರದ ತುದಿಯನ್ನು ಅದಕ್ಕೆ ಬಿಗಿಯಾಗುವಷ್ಟು ಕೆತ್ತಿ ಬಡಿದು ಕೂರಿಸಿ. ಹಿಂದೆ ಬಾಲ ಕೂರಿಸಲು ಅರಗು ಕರಗಿಸಿ ಹಾಕುತ್ತಿದ್ದರು. ಇವತ್ತಿಗೆ ಎರಡು ಟ್ಯೂಬಿನ ಅರಾಲ್ಡೈಟ್ ಅಂಟು ಸುಲಭ. ತೂತಿಗೆ ತುಂಬಿ, ಬಾಲ ಒತ್ತಿ, ಅಲಗು ನೆಟ್ಟಗಿದೆಯಾ ಅಂತ ಬೆನ್ನಿನ ಮೇಲಿಂದ ಒಂದು ಕಣ್ಣು ಮುಚ್ಚಿ ನೋಡಿ, ಒಂದು ದಿನ ಮುಟ್ಟದೆ ಬಿಡಿ. ಅಲಗಿಗೆ ಕಾಗದ, ಟೇಪ್ ಸುತ್ತಿರಿ. ಗಾಯ ಜಾಸ್ತಿ ಆಗುವುದು ಹಿಡಿ ಉಜ್ಜುವ ಹೊತ್ತಿನಲ್ಲೇ. ನುಣುಪಾದ ಮೇಲೆ ಅಗಸೆ ಎಣ್ಣೆ ಎರಡು ಮೂರು ಸಲ ಹಚ್ಚಿ ಒಣಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಕಾದು ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಸಾಣೆಗೆ 400 ಮತ್ತು 1000 ನಂಬರಿನ ಎರಡು ಮುಖದ ಕಲ್ಲು ಸಾಕು. ಕಲ್ಲು ಒದ್ದೆಯಿರಲಿ. ಬೆನ್ನಿನ ಕೆಳಗೆ ಒಂದು ಪೆನ್ಸಿಲ್ ತೂರುವಷ್ಟು ಎತ್ತಿ ಹಿಡಿದರೆ ಈ ಅಗಲದ ಅಲಗಿಗೆ ಸುಮಾರು 20 ಡಿಗ್ರಿ ಕೋನ ಬರುತ್ತದೆ. ಆ ಎತ್ತರ ಬದಲಾಗಬಾರದು, ಅಷ್ಟೇ ಗುಟ್ಟು. ಒಂದು ಕಡೆ ಉಜ್ಜುತ್ತಾ ಹೋದರೆ ಇನ್ನೊಂದು ಕಡೆಯ ಅಂಚಿನಲ್ಲಿ ಬೆರಳಿಗೆ ಸಣ್ಣ ತರಿ ಸಿಗುತ್ತದೆ. ಬುಡದಿಂದ ಮೊನೆಯವರೆಗೆ ತರಿ ಸಿಕ್ಕ ಮೇಲೆ ಮಗುಚಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆಯಿರಿ. ಹಣ್ಣಾದ ಟೊಮೆಟೊ ಮೇಲೆ ಒತ್ತದೆ ಎಳೆದು ನೋಡಿ. ಸಿಪ್ಪೆ ಜಾರದೆ ಕಚ್ಚಿದರೆ ಹರಿತ ಬಂದಿದೆ.

ಇದು ತುಕ್ಕು ಹಿಡಿಯುವ ಉಕ್ಕು. ಸಿಂಕಿನಲ್ಲಿ ನೆನೆಯಲು ಬಿಡಬೇಡಿ, ತೊಳೆದ ಕೂಡಲೇ ಒರೆಸಿ, ವಾರಕ್ಕೊಮ್ಮೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ನಿಂಬೆ, ಮಾವಿನಕಾಯಿ, ಈರುಳ್ಳಿ ಹೆಚ್ಚುತ್ತಾ ಅಲಗು ಬೂದು ನೀಲಿಗೆ ತಿರುಗುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯಬೇಡಿ. ಕೆಂಪು ಕಂಡರೆ ಮಾತ್ರ ತೆಗೆಯಿರಿ. ಉಪ್ಪಿನಕಾಯಿಯ ಮಾವಿನಕಾಯಿಯನ್ನು ಮೊದಲ ತಿಂಗಳು ಇದರಲ್ಲಿ ಹೆಚ್ಚಬೇಡಿ, ಹೋಳು ಕಪ್ಪಾಗುತ್ತದೆ.

ನನ್ನ ಮೊದಲ ಚಾಕು ಈಗ ಅಮ್ಮನ ಹತ್ತಿರ ಇದೆ. ಬೆಳಿಗ್ಗೆ ಬೀನ್ಸ್, ಸಂಜೆ ಸೊಪ್ಪು, ನಡುವೆ ತೆಂಗಿನಕಾಯಿ ಹೋಳು ಬಿಡಿಸುವುದಕ್ಕೂ ಅದನ್ನೇ ಹಿಡಿಯುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ. ಊರಿಗೆ ಹೋದಾಗಲೆಲ್ಲ ಕಲ್ಲು ನೆನೆಸಿಕೊಂಡು ಜಗಲಿಯಲ್ಲಿ ಕೂರುತ್ತೇನೆ. ಅಲಗು ಮೊದಲಿಗಿಂತ ಎರಡು ಮಿ.ಮೀ. ಸವೆದಿದೆ, ಬಾಯಿ ಇನ್ನೂ ಗಟ್ಟಿಯಿದೆ.